ದೊಡ್ಡಪ್ಪನ ಐದು ವಿಸಿಆರ್ ಮತ್ತು ಅಜ್ಜಿಯ ಗಂಟಲು

ನಮ್ಮ ದೊಡ್ಡಪ್ಪನ ಮನೆಯಲ್ಲಿ ಐದು ವಿಸಿಆರ್‌ಗಳಿದ್ದವು. ವಿಸಿಆರ್ ಎಂದರೆ ಇಟ್ಟಿಗೆಯಷ್ಟು ದೊಡ್ಡ ಕ್ಯಾಸೆಟ್ಟನ್ನು ನುಂಗಿ ಟಿವಿಯಲ್ಲಿ ಸಿನಿಮಾ ತೋರಿಸುವ ಹಳೆಯ ಪೆಟ್ಟಿಗೆ. ಐದಿದ್ದರೂ ಆ ಮನೆಯಲ್ಲಿ ಹದಿನೇಳು ವರ್ಷಗಳಿಂದ ಯಾರೂ ಒಂದೇ ಒಂದು ಸಿನಿಮಾ ನೋಡಿರಲಿಲ್ಲ. ಟಿವಿ ಇತ್ತು, ಇಲ್ಲವೆಂದಲ್ಲ. ಅದರ ಮೇಲೆ ಒಂದು ಬಟ್ಟೆ ಹೊದಿಸಿ, ದೊಡ್ಡಮ್ಮ ಅಲ್ಲಿ ತಮ್ಮ ಹೊಲಿಗೆಯ ದಾರದ ಉಂಡೆಗಳನ್ನು ಜೋಡಿಸಿದ್ದರು. ಹೊಸದಾಗಿ ಬಂದವರು ಅದನ್ನು ಮೇಜು ಎಂದುಕೊಂಡು ಲೋಟ ಇಡಲು ಹೋಗುತ್ತಿದ್ದರು.

ದೊಡ್ಡಪ್ಪ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಿರಾಕಿಗಳ ಮುಂದೆ ಕನ್ನಡಿ ಹಿಡಿದು ‘ನಿಮ್ಮ ಮುಖಕ್ಕೆ ಇದೇ ಒಪ್ಪುತ್ತೆ’ ಎನ್ನುವವರು ಬೇರೆ. ಇವರದು ದುಂಡಗಿನ ಗಾಜನ್ನು ಉಜ್ಜುವ ಚಕ್ರಕ್ಕೆ ಹಿಡಿದು ಫ್ರೇಮಿನ ಆಕಾರಕ್ಕೆ ತರುವ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರು. ಗಾಜು ಅಳತೆಗೆ ಬಂತೋ ಇಲ್ಲವೋ ಎಂದು ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಇನ್ನು ಕೂದಲೆಳೆಯಷ್ಟು ಬಾಕಿ ಇರುವಾಗ ಚಕ್ರದ ಶಬ್ದ ತೆಳ್ಳಗಾಗುತ್ತದಂತೆ. ನಾನೊಮ್ಮೆ ಹೋಗಿ ಪಕ್ಕದಲ್ಲೇ ನಿಂತು ಕೇಳಿದ್ದೇನೆ. ನನಗೆ ಏನೂ ಗೊತ್ತಾಗಲಿಲ್ಲ. ಆದರೆ ಗಾಜು ಫ್ರೇಮಿನಲ್ಲಿ ಟಕ್ಕೆಂದು ಕೂತದ್ದು ನಿಜ. ಬೀದಿಯವರು ಅವರನ್ನು ‘ಕಿವಿಯಣ್ಣ’ ಎಂದು ಕರೆಯುತ್ತಿದ್ದರು, ಎದುರಿಗೇ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅವರು ವಿಸಿಆರ್‌ಗಳ ಮುಂದೆ ಕೂರುತ್ತಿದ್ದರು. ಹೊಸ ಯಂತ್ರಗಳು ಬಂದ ಮೇಲೆ ಜನ ಇವುಗಳನ್ನು ಅಟ್ಟಕ್ಕೆ ಎಸೆದರು, ಗುಜರಿಗೆ ಹಾಕಿದರು. ಇದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ನಡೆದಿಲ್ಲ ಎಂಬುದು ದೊಡ್ಡಪ್ಪನ ಅಭಿಪ್ರಾಯ. ಮನೆಗೆ ಬಂದವರು ಅಪ್ಪಿತಪ್ಪಿ ‘ಯಾಕೆ?’ ಎಂದು ಕೇಳಿದರೆ ಮುಗಿಯಿತು.

“ಮಾಮೂಲಿ ಹಾಡಿನ ಕ್ಯಾಸೆಟ್ ಇದೆಯಲ್ಲ, ಅದರಲ್ಲಿ ಹೆಡ್ಡು ಸುಮ್ಮನೆ ಕೂತಿರುತ್ತೆ, ಟೇಪು ಅದರ ಮುಂದೆ ತೆವಳುತ್ತೆ. ತೆವಳೋವಾಗ ಸ್ಸ್ ಅಂತ ಒಂದು ಶಬ್ದ. ಇದರಲ್ಲಿ ಹಾಗಲ್ಲ. ಒಳಗೆ ಒಂದು ಡ್ರಮ್ಮು ಇದೆ, ಶಬ್ದ ಬರೆಯೋ ಹೆಡ್ಡು ಅದರ ಮೇಲೆ ಕೂತು ಗಿರಗಿರ ಸುತ್ತುತ್ತೆ, ಸೆಕೆಂಡಿಗೆ ಇಪ್ಪತ್ತೈದು ಸುತ್ತು. ಚಿತ್ರದ ಜೊತೆಗೇ ಶಬ್ದವನ್ನೂ ಟೇಪಿನ ಒಳಗೆ ಆಳಕ್ಕೆ ಇಳಿಸಿಬಿಡುತ್ತೆ. ಸೂಜಿ ಬಿದ್ದರೆ ಸೂಜೀನೇ ಬಿತ್ತು ಅಂತ ಗೊತ್ತಾಗುತ್ತೆ.”

“ಗುಂಡುಪಿನ್ನು ಅಂತ ತಪ್ಪು ತಿಳ್ಕೊಳ್ಳೋ ಹಾಗೇ ಇಲ್ಲ,” ಎಂದು ದೊಡ್ಡಮ್ಮ ಹೊಲಿಗೆ ಯಂತ್ರದ ಮುಂದಿನಿಂದ ಸೇರಿಸುತ್ತಿದ್ದರು.

“ನಗಬೇಡ. ಮುಂದುಗಡೆ ಹೈ-ಫೈ ಅಂತ ಬರೆದಿರಬೇಕು, ಅಷ್ಟೆ. ಬರೆದಿದ್ದರೆ ಅದು ರತ್ನ. ಇಲ್ಲದಿದ್ದರೆ ಬರೀ ಡಬ್ಬ.”

ನಾವು ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದೆವು. ಕಪಾಟಿನಲ್ಲಿದ್ದ ಅವರ ಕ್ಯಾಸೆಟ್ಟುಗಳ ಬೆನ್ನಿನ ಮೇಲಿನ ಚೀಟಿಗಳನ್ನೆಲ್ಲ ನಾನು ಓದಿದ್ದೇನೆ. ಕೆಲವನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ. ‘ಸಕ್ಕರೆ, ಸ್ಟೀಲ್ ಡಬ್ಬಕ್ಕೆ.’ ‘ಸಕ್ಕರೆ, ಪ್ಲಾಸ್ಟಿಕ್ ಡಬ್ಬಕ್ಕೆ (ಚೆನ್ನಾಗಿಲ್ಲ).’ ‘ಹೊಲಿಗೆ ಯಂತ್ರ, ದಪ್ಪ ಬಟ್ಟೆ.’ ‘ಪಕ್ಕದ ಮನೆ ಗೇಟು, ಎಣ್ಣೆ ಹಾಕುವ ಮೊದಲು.’ ‘ಪಕ್ಕದ ಮನೆ ಗೇಟು, ಎಣ್ಣೆ ಹಾಕಿದ ಮೇಲೆ (ಶಬ್ದ ಇಲ್ಲ, ಮೂರು ಗಂಟೆ).’ ಈ ಕೊನೆಯದನ್ನು ಅವರು ಒಮ್ಮೆ ಪೂರ್ತಿ ಕೇಳಿದ್ದರು. ಶಬ್ದ ಇಲ್ಲದಿರುವುದು ಬಹಳ ಸ್ವಚ್ಛವಾಗಿ ಬಂದಿದೆ ಎಂದರು.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಿಸಿಆರ್‌ಗೆ ಬರೀ ಶಬ್ದ ಕೊಟ್ಟರೆ ಸಾಲದು. ಚಿತ್ರವೂ ಬರುತ್ತಿದ್ದರೆ ಮಾತ್ರ ಅದರ ಡ್ರಮ್ಮು ಹದವಾಗಿ ಸುತ್ತುತ್ತದೆ. ಬರದಿದ್ದರೆ ಒಮ್ಮೊಮ್ಮೆ ತಡವರಿಸಿ, ಶಬ್ದದೊಳಗೆ ಗುರ್ ಎಂಬ ಕಂಪನ ಸೇರುತ್ತದೆ. ಇದನ್ನು ಕಂಡುಹಿಡಿದವನು ‘ಸೋಲ್ಡರ್’. ಅವನು ಬೀದಿಯ ಕೊನೆಯ ಟಿವಿ ರಿಪೇರಿಯವನು. ಕೈಯಲ್ಲಿ ಸದಾ ಬೆಸುಗೆ ಹಾಕುವ ಕಡ್ಡಿ ಇರುತ್ತಿದ್ದರಿಂದ ಆ ಹೆಸರು. ಅವನೇ ಒಂದು ಹಳೆಯ ವಿಡಿಯೋ ಕ್ಯಾಮೆರಾ ತಂದು, ನಡುಮನೆಯ ಬೀರುವಿನ ಮೇಲಿಟ್ಟು, ಎದುರಿನ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿ ವೈರು ಎಳೆದುಕೊಟ್ಟಿದ್ದ.

“ಯಾವುದಾದರೂ ಒಂದು ಚಿತ್ರ ಹೋಗ್ತಾ ಇದ್ದರೆ ಸಾಕು ಅಣ್ಣ. ಯಾರು ನೋಡ್ತಾರೆ?”

“ಯಾರೂ ನೋಡಲ್ಲ,” ಎಂದಿದ್ದರು ದೊಡ್ಡಪ್ಪ. “ಈ ಮನೇಲಿ ಚಿತ್ರ ಬರೀ ಕೂಲಿ. ಶಬ್ದಾನ ಹೊತ್ಕೊಂಡು ಬಂದು ಇಳಿಸಿ ಹೋಗೋದಷ್ಟೇ ಅದರ ಕೆಲಸ.”

ಹೀಗಾಗಿ ಆ ಮನೆಯ ಕಪಾಟಿನ ತುಂಬ ಕ್ಯಾಲೆಂಡರಿನ ಚಿತ್ರವಿತ್ತು, ನೂರಾರು ಗಂಟೆ. ನೋಡಿದವರು ಒಬ್ಬರೂ ಇರಲಿಲ್ಲ.

ಆ ವರ್ಷ ಅಜ್ಜಿಯ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅಜ್ಜಿ ದೊಡ್ಡಪ್ಪನ ತಾಯಿ, ಎಪ್ಪತ್ತಾರು ವರ್ಷ. ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಹೀಗೆ ಹೇಳಿದರು: “ಹೆದರೋ ಅಂಥದ್ದೇನಿಲ್ಲ. ಒಂದು ಸಣ್ಣ ಆಪರೇಷನ್, ತೆಗೆದರೆ ಸರಿಹೋಗುತ್ತೆ. ಆದರೆ ಧ್ವನಿ ಮೊದಲಿನ ಹಾಗೇ ಇರುತ್ತೆ ಅಂತ ನಾನು ಹೇಳೋಕಾಗಲ್ಲ. ಬದಲಾಗಬಹುದು.”

“ಬದಲಾದರೆ ಆಗಲಿ ಬಿಡಿ. ನಾನೇನು ಹಾಡೋಕೆ ಹೋಗಬೇಕಾ?” ಎಂದಳು ಅಜ್ಜಿ.

ದೊಡ್ಡಪ್ಪನ ತಲೆಯಲ್ಲಿ ಮಾತ್ರ ‘ಬದಲಾಗಬಹುದು’ ಎಂಬ ಮಾತು ಕೂತುಬಿಟ್ಟಿತು. ಅವರ ತಂದೆ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ತಂದೆಯ ಫೋಟೋ ಮನೆಯಲ್ಲಿ ಒಂಬತ್ತಿವೆ. ಧ್ವನಿ ಒಂದೂ ಇಲ್ಲ. ದೊಡ್ಡಪ್ಪನಿಗೂ ಅವರ ತಂಗಿಗೂ, ಎಂದರೆ ನಮ್ಮ ಅತ್ತೆಗೂ, ಫೋನಿನಲ್ಲಿ ಈ ವಿಷಯಕ್ಕೆ ಜಗಳವಾಗುತ್ತಿತ್ತು. ಅಪ್ಪನ ಧ್ವನಿ ದಪ್ಪ ಎಂದು ಇವರು, ತೆಳು ಎಂದು ಅವರು. ತೀರ್ಪು ಕೇಳಲು ಹೋದರೆ ಅಜ್ಜಿ, “ಅವರು ಮಾತಾಡಿದ್ದೇ ಯಾವಾಗ? ನಾನು ಬಿಟ್ಟರೆ ತಾನೆ?” ಎಂದುಬಿಟ್ಟಿದ್ದಳು.

ಆಪರೇಷನ್ನಿಗೆ ಹನ್ನೆರಡು ದಿನ ಇತ್ತು. ಆ ಹನ್ನೆರಡು ದಿನದಲ್ಲಿ ಅಮ್ಮನ ಧ್ವನಿಯನ್ನು ಹಿಡಿದಿಡಬೇಕು, ಅದೂ ಹೈ-ಫೈಯಲ್ಲಿ. ದೊಡ್ಡಪ್ಪ ಹಠ ಹಿಡಿದರು.

ಅಜ್ಜಿಯ ಧ್ವನಿಯ ಬಗ್ಗೆ ಹೇಳಬೇಕು. ಅದು ಅಡುಗೆಮನೆಯಿಂದ ಹೊರಟರೆ ಮೂರು ಮನೆ ದಾಟಿ ನಿಲ್ಲುತ್ತಿತ್ತು. ಅಜ್ಜಿ ಮಾತಾಡುವುದೆಂದರೆ ಬೈಯುವುದು. ನಲ್ಲಿಯನ್ನು ಬೈಯುತ್ತಿದ್ದಳು, ಬಾಗಿಲ ಚಿಲಕವನ್ನು ಬೈಯುತ್ತಿದ್ದಳು, ತಡವಾಗಿ ಬಂದ ಪೇಪರನ್ನು ಪೇಪರಿನೊಳಗಿನ ಸುದ್ದಿಗೂ ಸೇರಿಸಿ ಬೈಯುತ್ತಿದ್ದಳು. ಯಾರಿಗೂ ಬೇಸರವಾಗುತ್ತಿರಲಿಲ್ಲ. ಬೈಗುಳ ನಿಂತರೆ ಮಾತ್ರ ಏನಾಯಿತೋ ಎಂದು ಹೋಗಿ ನೋಡುತ್ತಿದ್ದೆವು.

ಮೊದಲ ದಿನ ದೊಡ್ಡಪ್ಪ ನಡುಮನೆಯಲ್ಲಿ ಚಪ್ಪಾಳೆ ತಟ್ಟುತ್ತ ಒಂದು ಗಂಟೆ ಓಡಾಡಿದರು. ಎಲ್ಲಿ ಪ್ರತಿಧ್ವನಿ ಕಡಿಮೆಯೋ ಅಲ್ಲಿ ಅಜ್ಜಿಯ ಕುರ್ಚಿ ಹಾಕಬೇಕಿತ್ತು. ಆ ಜಾಗ ಕ್ಯಾಲೆಂಡರಿನ ಕೆಳಗೇ ಸಿಕ್ಕಿತು. ಅಜ್ಜಿ ಗಂಜಿ ಹಾಕಿ ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಬಳೆ ಹಾಕಿಕೊಂಡು ಬಂದು ಕೂತಳು.

“ಅಮ್ಮ, ಈ ಬಟ್ಟೆ ಸರಸರ ಅನ್ನುತ್ತೆ. ಮೈಕಿಗೆ ಬೀಳುತ್ತೆ. ಬೇರೆ ಹಾಕ್ಕೊಂಡು ಬಾ.”

“ಬೇರೆ ಅಂದರೆ?”

“ನಿನ್ನ ಆ ಹಳೇ ನೈಟಿ ಇದೆಯಲ್ಲ, ಒಗೆದು ಒಗೆದು ಮೆತ್ತಗಾಗಿರೋದು. ಅದು ಶಬ್ದಾನೇ ಮಾಡಲ್ಲ.”

“ಭುಜದ ಹತ್ತಿರ ಹರಿದಿದೆ ಕಣೋ ಅದು.”

“ಹರಿದಿರೋದು ಕೇಳಿಸಲ್ಲಮ್ಮ.”

ಬಳೆ ಬಿಚ್ಚಿಸಿದರು. ಫ್ಯಾನ್ ನಿಲ್ಲಿಸಿದರು. ಸೆಕೆಗೆ ಅಜ್ಜಿ ತಲೆಗೊಂದು ಒದ್ದೆ ಟವೆಲು ಸುತ್ತಿಕೊಂಡಳು. ಫ್ರಿಜ್ಜಿನ ಗುಂಯ್ ಶಬ್ದ ಬರುತ್ತದೆಂದು ಅದನ್ನೂ ಆರಿಸಿದರು. ಗೋಡೆ ಗಡಿಯಾರದ ಸೆಲ್ ತೆಗೆದರು. ಆಮೇಲೆ ಮೈಕನ್ನು ಅಜ್ಜಿಯ ಬಾಯಿಂದ ಒಂದು ಗೇಣು ದೂರಕ್ಕೆ ಇಟ್ಟು, ಹೆಡ್‌ಫೋನ್ ಹಾಕಿಕೊಂಡು, “ಹೂಂ, ಮಾತಾಡಮ್ಮ. ಹೇಗಿರ್ತೀಯೋ ಹಾಗೇ ಮಾತಾಡು,” ಎಂದರು.

ಅಜ್ಜಿ ಮೈಕನ್ನು ನೋಡಿದಳು. ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡಳು.

“ನಮ್ಮ ಬಾಲ್ಯವು ಬಹಳ ಸಂತೋಷದಾಯಕವಾಗಿತ್ತು. ನಮ್ಮ ಮನೆಯ ಮುಂದೆ ಒಂದು ಬಾವಿಯಿತ್ತು. ಆ ಬಾವಿಯ ನೀರು ಬಹಳ ಸಿಹಿಯಾಗಿತ್ತು.”

ಅಜ್ಜಿ ಹೀಗೆ ಮಾತಾಡಿದ್ದನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ದೊಡ್ಡಮ್ಮ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಬಾವಿಯ ಬಗ್ಗೆ ಆರು ನಿಮಿಷ ಆದ ಮೇಲೆ ಹೊರಗೆ ಯಾರೋ ಸ್ಕೂಟರ್ ಒದ್ದರು. ದೊಡ್ಡಪ್ಪ ತಟ್ಟನೆ ಯಂತ್ರ ನಿಲ್ಲಿಸಿ, “ಇನ್ನೊಂದು ಸಲ, ಬಾವಿಯಿಂದ,” ಎಂದರು. ಎರಡನೆಯ ಸಲ ಮೇಲಿನ ನಮ್ಮ ಮನೆಯಲ್ಲಿ ಕುರ್ಚಿ ಎಳೆದರು. ಮೂರನೆಯ ಸಲ ಅಜ್ಜಿಯ ಹೊಟ್ಟೆಯೇ ಗುರುಗುಟ್ಟಿತು.

“ಇನ್ನೊಂದು ಸಲ ಅಮ್ಮ, ಬಾವಿಯಿಂದ.”

“ಲೋ, ಆ ಬಾವಿಗೆ ನಿನ್ನನ್ನ...”

ಟಕ್. ದೊಡ್ಡಪ್ಪ ಯಂತ್ರ ನಿಲ್ಲಿಸಿದರು. ಬೈಗುಳ ಟೇಪಿಗೆ ಬೀಳಬಾರದಲ್ಲ. ಮುಂದಿನದನ್ನು ಅಜ್ಜಿ ನಾಲ್ಕು ನಿಮಿಷ ಹೇಳಿದಳು, ಬಹಳ ಸೊಗಸಾಗಿ, ಮೂರು ಮನೆ ಕೇಳುವ ಹಾಗೆ. ದೊಡ್ಡಪ್ಪ ತಾಳ್ಮೆಯಿಂದ ಕಾಯುತ್ತ ನಿಂತರು. ಬೈದು ಮುಗಿದು ಅಜ್ಜಿ ಮತ್ತೆ ನೆಟ್ಟಗೆ ಕೂತಾಗ ಗುಂಡಿ ಒತ್ತಿದರು.

“ನಮ್ಮ ಬಾಲ್ಯವು ಬಹಳ ಸಂತೋಷದಾಯಕವಾಗಿತ್ತು.”

ಹೀಗೆ ಹತ್ತು ದಿನ ನಡೆಯಿತು, ಸಂಜೆ ಐದೂವರೆಯಿಂದ ಏಳರವರೆಗೆ. ಫ್ರಿಜ್ಜು ಆರಿದ್ದರಿಂದ ಎರಡು ಸಲ ಹಾಲು ಒಡೆಯಿತು. ಗಡಿಯಾರ ನಿಂತಿದ್ದರಿಂದ ಅಜ್ಜಿ ಏಳು ಗಂಟೆಯ ಮಾತ್ರೆಯನ್ನು ಐದೂವರೆಗೇ ನುಂಗುತ್ತಿದ್ದಳು, ಯಾಕೆಂದರೆ ಗಡಿಯಾರ ನೋಡಿದಾಗೆಲ್ಲ ಐದೂವರೆಯೇ ಇರುತ್ತಿತ್ತು, ಏಳಾಗಲೆಂದು ಕಾಯುವುದನ್ನೇ ಅವಳು ಬಿಟ್ಟಿದ್ದಳು. ಒಂದೊಂದು ಗಂಟೆಯ ಹದಿನಾಲ್ಕು ಕ್ಯಾಸೆಟ್ ತುಂಬಿದವು.

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಮಲಗಿದ್ದಾಗ ದೊಡ್ಡಪ್ಪ ಎಲ್ಲರನ್ನೂ ಕೂರಿಸಿ, ನಮಗೆ ಸ್ಪೀಕರಿನಲ್ಲಿ ಮೆಲ್ಲಗೆ, ತಮಗೆ ಹೆಡ್‌ಫೋನಿನಲ್ಲಿ ಕ್ಯಾಸೆಟ್ ಹಾಕಿದರು. ಶಬ್ದ ಎಷ್ಟು ಚೆನ್ನಾಗಿತ್ತೆಂದರೆ ಅಜ್ಜಿ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಬಾವಿಯ ನೀರು ಸಿಹಿಯಾಗಿತ್ತು. ನೆರೆಹೊರೆಯವರು ಸಜ್ಜನರಾಗಿದ್ದರು. ಆಮೇಲೆ “ಲೋ” ಎಂದು ಒಂದು ಚೂರು, ಟಕ್. ಮತ್ತೆ ಬಾವಿ. “ಲೋ ನಿನ್ನ ತಲೆ”, ಟಕ್. ಬಾವಿ. “ನಾನೇನು ಕೋ”, ಟಕ್.

ಮೂರು ಕ್ಯಾಸೆಟ್ ಆದ ಮೇಲೆ ದೊಡ್ಡಪ್ಪ ಹೆಡ್‌ಫೋನ್ ಕಳಚಿ ತೊಡೆಯ ಮೇಲಿಟ್ಟುಕೊಂಡರು.

“ಯಾರು ಇದು?” ಎಂದರು. “ಯಾರೋ ಹೆಂಗಸು ಯಾರದೋ ಬಾವಿ ಬಗ್ಗೆ ಹೇಳ್ತಿದ್ದಾರೆ.”

“ನಿಮ್ಮಮ್ಮ ಆ ಚೂರುಗಳಲ್ಲಿ ಇದ್ದಾರೆ ಕಣ್ರೀ,” ಎಂದರು ದೊಡ್ಡಮ್ಮ. “ಅವರು ಬಾಯಿಬಿಟ್ಟ ತಕ್ಷಣ ನೀವು ನಿಲ್ಲಿಸ್ತೀರಿ. ಅವರು ಬಾಯಿ ಮುಚ್ಚಿದ ಮೇಲೆ ಶುರು ಮಾಡ್ತೀರಿ.”

“ಬೈಗುಳಾನ ಯಾರಾದರೂ ರೆಕಾರ್ಡ್ ಮಾಡ್ತಾರಾ?”

“ಗೇಟನ್ನ ಯಾರಾದರೂ ಮಾಡ್ತಾರಾ?”

ದೊಡ್ಡಪ್ಪ ಕ್ಯಾಸೆಟ್ ಹೊರತೆಗೆದರು. ಉಳಿದದ್ದು ಒಂದೇ ದಿನ. ಸೋಮವಾರ ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಗೆ ಸೇರಬೇಕು.

ಅಂದು ಸಂಜೆಯಿಂದಲೇ ಅಜ್ಜಿಯನ್ನು ರೇಗಿಸುವ ಕೆಲಸ ಶುರುವಾಯಿತು. ಮೂರು ಗಂಟೆ ಹಿಡಿಯುವ ಹೊಸ ಕ್ಯಾಸೆಟ್ ಹಾಕಿ, ಯಂತ್ರ ಓಡಲು ಬಿಟ್ಟು, ದೊಡ್ಡಪ್ಪ ಹೊರಗಿನ ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಹೋಗಿ ಬಂದರು. ಬೇರೆ ದಿನವಾಗಿದ್ದರೆ ಇದೊಂದಕ್ಕೇ ಅರ್ಧ ಗಂಟೆಯ ಸರಕು ಸಿಗುತ್ತಿತ್ತು.

ಅಜ್ಜಿ ನೋಡಿದಳು. “ಕಾಲು ನೋಯುತ್ತೇನಪ್ಪ? ಹಾಕ್ಕೋ, ಪರವಾಗಿಲ್ಲ,” ಎಂದಳು.

ದೊಡ್ಡಮ್ಮ ಒಂದು ಪಿಂಗಾಣಿ ಬಟ್ಟಲನ್ನು ಕೈಜಾರಿದಂತೆ ಬೀಳಿಸಿದರು. ಅದು ಅಜ್ಜಿಯದೇ ಬಟ್ಟಲು.

“ಹೋಗಲಿ ಬಿಡಮ್ಮ. ಕಾಲಿಗೆ ಚುಚ್ಚೀತು, ಜೋಪಾನ.”

ದೊಡ್ಡಪ್ಪ ಅಜ್ಜಿಯ ಕನ್ನಡಕವನ್ನು ಅಡಗಿಸಿಟ್ಟರು. ಅಜ್ಜಿ ಕನ್ನಡಕವಿಲ್ಲದೆ ಸುಮ್ಮನೆ ಕೂತಳು. ಆಮೇಲೆ ಇಬ್ಬರನ್ನೂ ಕರೆದು ಬೀರುವಿನ ಕೀಲಿ ಎಲ್ಲಿದೆ, ಯಾವ ಹೊದಿಕೆ ಯಾರಿಗೆ ಎಂದು ಮೆಲ್ಲಗೆ ಹೇಳಿದಳು. “ನಾನು ಬಹಳ ಬೈದುಬಿಟ್ಟಿದ್ದೀನಿ ನಿಮ್ಮನ್ನ, ಮನಸ್ಸಲ್ಲಿ ಇಟ್ಕೋಬೇಡಿ,” ಎಂದಳು.

ಅಷ್ಟು ಹೊತ್ತಿನವರೆಗೆ ದೊಡ್ಡಪ್ಪನಿಗೆ ಧ್ವನಿಯದೊಂದೇ ಚಿಂತೆ ಇತ್ತು. ಆ ಮಾತು ಕೇಳಿದ ಮೇಲೆ ಅವರ ಮುಖ ಬಿಳಿಚಿತು. ಅಜ್ಜಿ ಒಳಗೊಳಗೇ ಹೆದರಿದ್ದಾಳೆ ಎಂದು ನಮಗೆಲ್ಲ ಆಗಲೇ ತಿಳಿದದ್ದು.

ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಕೆಲಸಕ್ಕೆ ರಜೆ ಹಾಕಿದರು. ಆಸೆ ಬಿಟ್ಟಿದ್ದರು. ಆದರೂ ಯಂತ್ರಕ್ಕೆ ಕ್ಯಾಸೆಟ್ ಹಾಕಿ, ಬೈಯದಿದ್ದರೂ ಸರಿ, ಹೊರಡುವವರೆಗೆ ಅಮ್ಮ ಮಾತಾಡುವುದು ಮಾತಾಡಿದ ಹಾಗೆ ಬರಲಿ ಎಂದು ರೆಕಾರ್ಡ್ ಗುಂಡಿ ಒತ್ತಿ ಬಿಟ್ಟರು. ಅಜ್ಜಿ ಅಭ್ಯಾಸದ ಮೇಲೆ ತಾನಾಗಿಯೇ ನೈಟಿ ಹಾಕಿ, ತಲೆಗೆ ಟವೆಲು ಸುತ್ತಿ, ಕ್ಯಾಲೆಂಡರಿನ ಕೆಳಗೆ ಬಂದು ಕೂತಿದ್ದಳು. ಕನ್ನಡಕ ವಾಪಸು ಸಿಕ್ಕಿತ್ತು.

ಒಂಬತ್ತೂವರೆಗೆ ಸೋಲ್ಡರ್ ಅಜ್ಜಿಯನ್ನು ನೋಡಿ ಹೋಗಲು ಬಂದ. ಅವನಿಗೆ ಯಂತ್ರ ಓಡುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ.

“ಅಣ್ಣ, ಸಿಗ್ನಲ್ ಸರಿಯಾಗಿ ಬರ್ತಿದೆಯಾ? ಯಾವತ್ತಾದರೂ ನೋಡಿದ್ದೀರಾ?”

“ಶಬ್ದ ಚೆನ್ನಾಗಿದೆ.”

“ಶಬ್ದ ಅಲ್ಲ, ಚಿತ್ರ. ಒಂದು ನಿಮಿಷ ಇರಿ.”

ಅವನು ದೊಡ್ಡಮ್ಮನ ದಾರದ ಉಂಡೆಗಳನ್ನು ಕೆಳಗಿಳಿಸಿ, ಬಟ್ಟೆ ತೆಗೆದು, ವಿಸಿಆರ್‌ನಿಂದ ಟಿವಿಗೆ ಒಂದು ವೈರು ಸಿಕ್ಕಿಸಿ ಸ್ವಿಚ್ ಹಾಕಿದ. ಟಿವಿ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚಿತ್ರ ಮೂಡಿತು. ಭುಜದ ಹತ್ತಿರ ಹರಿದ ಮಾಸಲು ನೈಟಿಯ ಒಬ್ಬ ಮುದುಕಿ, ತಲೆಗೆ ಟವೆಲು, ಬರಿಗೈ, ಮುಖದ ತುಂಬ ಬೆವರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಯಾರಪ್ಪ ಇವಳು? ಪಾಪ. ನೋಡಿಕೊಳ್ಳೋರು ಯಾರೂ ಇಲ್ಲ ಅಂತ ಕಾಣುತ್ತೆ.”

ಅಜ್ಜಿ ಮೂಗು ತುರಿಸಿಕೊಂಡಳು. ಟಿವಿಯ ಮುದುಕಿಯೂ ತುರಿಸಿಕೊಂಡಳು. ಅಜ್ಜಿ ಕೈ ಇಳಿಸಿದಳು. ಅವಳೂ ಇಳಿಸಿದಳು. ಅಜ್ಜಿ ಬಹಳ ನಿಧಾನವಾಗಿ ತಲೆಯ ಟವೆಲನ್ನು ಮುಟ್ಟಿ ನೋಡಿಕೊಂಡಳು.

“ಇದು ಎಲ್ಲಿಂದ ಬರ್ತಿದೆ?”

“ಬೀರು ಮೇಲೆ ಕ್ಯಾಮೆರಾ ಇದೆಯಲ್ಲ ಅಜ್ಜಿ, ಅದರಿಂದ,” ಎಂದ ಸೋಲ್ಡರ್, ಸಹಾಯ ಮಾಡುವವನ ಹಾಗೆ. “ಕ್ಯಾಸೆಟ್ಟಲ್ಲಿ ಚಿತ್ರಾನೂ ಇಳಿಯುತ್ತೆ. ಎಲ್ಲಾದರಲ್ಲೂ ಇರುತ್ತೆ.”

“ಎಲ್ಲಾದರಲ್ಲೂ?”

“ಹದಿನಾಲ್ಕರಲ್ಲೂ.”

ದೊಡ್ಡಪ್ಪ ಬಾಯಿ ತೆರೆದು, “ಅಮ್ಮ, ನಾನು ಚಿತ್ರದ ಕಡೆ ಗಮನ ಕೊಟ್ಟಿರಲಿಲ್ಲ,” ಎಂದರು. ಇದು ನೂರಕ್ಕೆ ನೂರು ನಿಜ. ಆದರೆ ಆ ಹೊತ್ತಿಗೆ ಹೇಳಬಾರದ ಮಾತು.

“ಗಮನ ಕೊಟ್ಟಿರಲಿಲ್ವಾ? ಊರವರಿಗೆಲ್ಲ ಕಣ್ಣು ಕೊಡೋ ಅಂಗಡೀಲಿ ಕೂತ್ಕೊಂಡು ನಿನ್ನ ಕಣ್ಣನ್ನ ಯಾವನಿಗೆ ಅಡ ಇಟ್ಟು ಬಂದಿದ್ದೀಯೋ? ಒಳ್ಳೇ ಬಟ್ಟೆ ಉಟ್ಕೊಂಡು ಬಂದವಳನ್ನ ಎಬ್ಬಿಸಿ ಕಳಿಸಿ ನೆಲ ಒರೆಸೋ ಬಟ್ಟೆ ಹಾಕಿಸಿದ್ದೀಯಲ್ಲೋ. ನಾಳೆ ನಾನು ಹೋದ ಮೇಲೆ ಮೊಮ್ಮಕ್ಕಳು ಇದನ್ನ ಹಾಕ್ಕೊಂಡು ನೋಡಿ, ನಮ್ಮಜ್ಜಿ ಬೀದೀಲಿ ಬೇಡ್ತಾ ಇದ್ದಳು ಅಂತ ತಿಳ್ಕೋಬೇಕಾ?”

ದೊಡ್ಡಪ್ಪನ ಕೈ ತನ್ನಷ್ಟಕ್ಕೆ ಯಂತ್ರದ ಕಡೆ ಹೋಯಿತು. ಹತ್ತು ದಿನದ ಅಭ್ಯಾಸ. ಬೆರಳು ಗುಂಡಿಯ ಮೇಲೆ ಕೂತಿತ್ತು. ದೊಡ್ಡಮ್ಮ ಸೂಜಿ ಹಿಡಿದಿದ್ದ ಕೈಯಿಂದಲೇ ಅವರ ಮಣಿಕಟ್ಟನ್ನು ಹಿಡಿದರು. ಸೂಜಿ ತಾಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೈ ಮಾತ್ರ ಬೇಗ ಹಿಂದೆ ಬಂತು.

ಅಜ್ಜಿ ಎದ್ದು ನಿಂತಿದ್ದಳು. ನೈಟಿಯ ಬೈಗುಳ ಮುಗಿಸಿ ಹಾಲಿನ ವಿಷಯಕ್ಕೆ ಬಂದಳು, ಎರಡು ಸಲ ಒಡೆದದ್ದನ್ನು ಎರಡು ಸಲ ಹೇಳಿದಳು. ಹಾಲಿನಿಂದ ಗಡಿಯಾರಕ್ಕೆ ಹೋದಳು. “ಹನ್ನೊಂದು ದಿನದಿಂದ ಈ ಮನೇಲಿ ಐದೂವರೇನೇ ಆಗಿದೆ, ಸೂರ್ಯ ಬೇಕಾದರೆ ಮುಳುಗಲಿ.” ಹಿಂದಿನ ದಿನ ಸುಮ್ಮನೆ ಬಿಟ್ಟಿದ್ದೆಲ್ಲ ಈಗ ಬಂತು: “ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ಹೋದೆ, ನೋಡಲಿಲ್ಲ ಅಂದ್ಕೊಂಡೆಯಾ? ಕನ್ನಡಕ ಅಕ್ಕಿ ಡಬ್ಬದಲ್ಲಿ ಇಡ್ತಾರೇನೋ, ಅನ್ನದ ಜೊತೆ ಬೇಯಿಸ್ತೀಯಾ?” ದೊಡ್ಡಮ್ಮನಿಗೆ ಬಟ್ಟಲಿನದು ಬಂತು. ಸೋಲ್ಡರ್ ಬಾಗಿಲ ಕಡೆ ಜಾರುತ್ತಿದ್ದ. “ನೀನೆಲ್ಲಿ ಹೋಗ್ತೀಯೋ? ನನ್ನ ಇಸ್ತ್ರಿ ಪೆಟ್ಟಿಗೆ ತಗೊಂಡು ಹೋಗಿ ಎಷ್ಟು ತಿಂಗಳಾಯ್ತು? ಅದಕ್ಕೇನು ನಿನ್ನ ಅಂಗಡೀಲಿ ಮದುವೆ ಮಾಡಿ ಮಕ್ಕಳಾಗೋವರೆಗೂ ಇಟ್ಕೋತೀಯಾ?”

ದೊಡ್ಡಪ್ಪ ತಲೆ ತಗ್ಗಿಸಿ, ಎರಡು ಕೈಯಿಂದಲೂ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದರು. ಬೈಸಿಕೊಳ್ಳುವವರು ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಶಬ್ದದ ಮಟ್ಟ ತೋರಿಸುವ ಹಸಿರು ದೀಪಗಳು ಕೆಂಪಿಗೆ ಹೋಗಿ ಹೋಗಿ ಬರುತ್ತಿದ್ದವು. ಒಂದು ಬಾರಿ ಅವರು ಮೆಲ್ಲಗೆ ಕೈ ಚಾಚಿ ಮಟ್ಟವನ್ನು ಒಂದಿಷ್ಟು ಇಳಿಸಿದರು. ಅಜ್ಜಿ ಅದಕ್ಕೂ ಬೈದಳು.

ಮೂವತ್ತೆಂಟು ನಿಮಿಷ. ಆಮೇಲೆ ಅಜ್ಜಿ ಕೂತು, ನೀರು ಕುಡಿದು, “ಹೂಂ. ಆಸ್ಪತ್ರೆಗೆ ಆ ನೀಲಿ ಬಟ್ಟೆ ತೆಗೆದಿಡು,” ಎಂದಳು. ಹೆದರಿಕೆ ಮುಖದಿಂದ ಹೋಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಗಂಟಿನಿಂದ ಅಪಾಯವಿಲ್ಲ ಎಂದರು. ಆದರೆ ಮೂರು ವಾರ ಒಂದು ಮಾತೂ ಆಡಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರ ಅಪ್ಪಣೆಯಾಯಿತು. ಮನೆಗೆ ಬಂದ ಅಜ್ಜಿ ಎರಡು ದಿನ ಕೈಸನ್ನೆಯಲ್ಲಿ ಕಳೆದಳು. ಕೈಸನ್ನೆಯಲ್ಲಿ ಬೈಯುವುದು ಆಗದ ಕೆಲಸ. ಅಜ್ಜಿ ಬೆರಳು ಅಲ್ಲಾಡಿಸಿದರೆ ದೊಡ್ಡಮ್ಮ ಉಪ್ಪು ತಂದುಕೊಡುತ್ತಿದ್ದರು.

ಮೂರನೆಯ ದಿನ ದೊಡ್ಡಪ್ಪ ಫ್ರಿಜ್ಜಿನ ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಬಂದರು. ಅಜ್ಜಿ ಅವರ ತೋಳು ಹಿಡಿದು ನಡುಮನೆಗೆ ಕರೆತಂದು ನಿಲ್ಲಿಸಿದಳು. ವಿಸಿಆರ್ ಕಡೆ ಬೆರಳು ತೋರಿಸಿದಳು.

“ಹಾಕಬೇಕಾ?”

ಅಜ್ಜಿ ತಲೆಯಾಡಿಸಿದಳು. ದೊಡ್ಡಪ್ಪ ಕ್ಯಾಸೆಟ್ ಹಾಕಿ, ತಾವೇ ಹಾಲಿನ ಭಾಗ ಹುಡುಕಿ, ತಮ್ಮನ್ನು ತಾವೇ ಬೈಸಿಕೊಂಡರು.

ಅಂದಿನಿಂದ ಅಜ್ಜಿ ಆ ಯಂತ್ರವನ್ನು ಕಲಿತಳು. ಮುಂದಿನ ಗಾಜಿನಲ್ಲಿ ನಿಮಿಷದ ಅಂಕಿ ಓಡುತ್ತಿತ್ತು. ಬೈಗುಳದ ಮೊದಲಿನಿಂದ ಎಣಿಸಿ ಯಾವ ತಪ್ಪು ಎಷ್ಟನೆಯ ನಿಮಿಷದಲ್ಲಿದೆ ಎಂದು ಒಂದು ರಟ್ಟಿನ ಮೇಲೆ ಬರೆದಿಟ್ಟುಕೊಂಡಳು. ಒಂಬತ್ತು, ಹಾಲು. ಹದಿನಾರು, ಗಡಿಯಾರ. ಇಪ್ಪತ್ತೊಂದು, ಚಪ್ಪಲಿ. ಇಪ್ಪತ್ತೇಳು, ಒಡೆದ ವಸ್ತು. ಮೂವತ್ತು, ತೆಗೆದುಕೊಂಡು ಹೋಗಿ ವಾಪಸು ಕೊಡದಿರುವುದು. ಕಷ್ಟವೆಂದರೆ ಹಾಲಿನಲ್ಲಿದ್ದ ಟೇಪು ಚಪ್ಪಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತೆಲ್ಲ ತಪ್ಪು ಮಾಡಿದವರು ಯಂತ್ರದ ಮುಂದೆ ಕೈಕಟ್ಟಿ ನಿಂತು, ಅದು ಗಿರ್ ಎಂದು ಸುತ್ತುವುದನ್ನು ನೋಡುತ್ತ ಕಾಯಬೇಕಿತ್ತು. ಅಜ್ಜಿ ಪಕ್ಕದಲ್ಲಿ ಶಾಂತವಾಗಿ ಕೂತಿರುತ್ತಿದ್ದಳು.

ದೊಡ್ಡಪ್ಪನ ಸ್ಪೀಕರುಗಳು ದೊಡ್ಡವು. ಒಂದು ದಿನ ಚಪ್ಪಲಿಯ ಭಾಗ ಹಾಕಿದಾಗ ಪಕ್ಕದ ಮನೆಯವರು ತಮ್ಮ ಬಾಗಿಲಲ್ಲೇ ಚಪ್ಪಲಿ ಕಳಚಿದ್ದನ್ನು ನಾನು ಮೇಲಿನಿಂದ ಕಣ್ಣಾರೆ ಕಂಡಿದ್ದೇನೆ. ಸೋಲ್ಡರ್ ಬೀದಿಯಲ್ಲಿ ಹೋಗುತ್ತ ಮೂವತ್ತನೆಯ ನಿಮಿಷ ಕೇಳಿಸಿಕೊಂಡು, ಅರ್ಧ ಗಂಟೆಯೊಳಗೆ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟು ಹೋದ.

ನಮ್ಮ ಅತ್ತೆ ಫೋನ್ ಮಾಡಿದಾಗ ದೊಡ್ಡಪ್ಪ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರು. ಅತ್ತೆ ಪೂರ್ತಿ ಕೇಳಿ, “ನನ್ನ ಹೆಸರಿನ ಬೈಗುಳ ಒಂದೂ ಇಲ್ವಲ್ಲ,” ಎಂದು ಬೇಜಾರು ಮಾಡಿಕೊಂಡರು.

ಇಪ್ಪತ್ತೆರಡನೆಯ ದಿನ ಡಾಕ್ಟರು ಗಂಟಲು ನೋಡಿ, ಇನ್ನು ಮೆಲ್ಲಗೆ ಒಂದೆರಡು ಮಾತಾಡಬಹುದು ಎಂದರು. ಅಜ್ಜಿ ಆಸ್ಪತ್ರೆಯಲ್ಲಿ ಆಡಲಿಲ್ಲ. ದಾರಿಯಲ್ಲೂ ಆಡಲಿಲ್ಲ. ದೊಡ್ಡಪ್ಪ ಕೇಳಲೂ ಇಲ್ಲ. ಹೇಗಿದೆಯೋ ಎಂದು ಅವರಿಗೆ ಭಯ, ಅವಳಿಗೂ ಇತ್ತೇನೋ.

ಅಂದು ಮಳೆ ಬಂದಿತ್ತು. ಮನೆಗೆ ಬಂದ ಗಡಿಬಿಡಿಯಲ್ಲಿ ದೊಡ್ಡಪ್ಪ ನೀರು ಸುರಿಯುತ್ತಿದ್ದ ಕೊಡೆಯನ್ನು ತಂದು ಅಜ್ಜಿಯ ಹಾಸಿಗೆಯ ಮೇಲೆ ಒರಗಿಸಿದರು. ಅಜ್ಜ ಇದ್ದ ಕಾಲದ ಹತ್ತಿ ಹಾಸಿಗೆ ಅದು.

ಅಜ್ಜಿ ಯಂತ್ರದ ಮುಂದೆ ಹೋಗಿ ಕೂತಳು. ರಟ್ಟು ತೆಗೆದು ಮೇಲಿನಿಂದ ಕೆಳಗೆ ಓದಿದಳು. ಹಾಲು, ಗಡಿಯಾರ, ಚಪ್ಪಲಿ. ಕೊಡೆ ಇರಲಿಲ್ಲ. ಹಾಸಿಗೆಯೂ ಇರಲಿಲ್ಲ. ರಟ್ಟನ್ನು ತಿರುಗಿಸಿ ಹಿಂದೆಯೂ ನೋಡಿದಳು. ದೊಡ್ಡಪ್ಪ ಕೈಕಟ್ಟಿ ನಿಂತು ಕಾಯುತ್ತಿದ್ದರು. ಹಾಸಿಗೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಅಜ್ಜಿ ರಟ್ಟನ್ನು ಕೆಳಗಿಟ್ಟಳು.

“ಹಾಸಿಗೆಗೆ ಬಾಯಾರಿಕೆ ಆಗಿತ್ತೇನೋ?” ಎಂದಳು.

ಧ್ವನಿ ಒರಟಾಗಿತ್ತು. ಮೊದಲಿಗಿಂತ ತಗ್ಗಿನಲ್ಲಿತ್ತು, ನಡುನಡುವೆ ಒಡೆಯುತ್ತಿತ್ತು. ಅಜ್ಜಿ ತಾನೇ ಒಂದು ಕ್ಷಣ ನಿಂತು ಅದನ್ನು ಕೇಳಿಸಿಕೊಂಡಳು. ಆಮೇಲೆ ಡಾಕ್ಟರು ಹೇಳಿದ ಒಂದೆರಡು ಮಾತುಗಳನ್ನು ದಾಟಿ, “ಗಿಡ ಅಂದ್ಕೊಂಡು ನೀರು ಹಾಕಿದೆಯಾ, ಮಳೆಗಾಲ ಮುಗಿಯೋ ಹೊತ್ತಿಗೆ ದಿಂಬು ಬಿಡುತ್ತೆ ಅಂತ?” ಎಂದು ಮುಂದುವರಿಸಿದಳು. ಒಳಗಿನಿಂದ ದೊಡ್ಡಮ್ಮ ಓಡಿಬಂದು ಬಾಗಿಲಲ್ಲಿ ನಿಂತರು.

ದೊಡ್ಡಪ್ಪ ರೆಕಾರ್ಡ್ ಗುಂಡಿಯ ಕಡೆ ನೋಡಲಿಲ್ಲ. ಅಜ್ಜಿ ನಿಲ್ಲಿಸುವವರೆಗೂ ಹಾಗೆಯೇ ನಿಂತು ಬೈಸಿಕೊಂಡು, ಕೊಡೆ ಎತ್ತಿಕೊಂಡು ಹೊರಗೆ ಹೋದರು. ಒದ್ದೆ ಹಾಸಿಗೆಯನ್ನು ಎತ್ತಿಡಲು ನಾನು ಹೋದಾಗ ಅವರು ಪಡಸಾಲೆಯಲ್ಲಿ, ಅಜ್ಜಿಯನ್ನು ನೋಡಲು ಬಂದಿದ್ದ ಸೋಲ್ಡರ್‌ಗೆ ಹೇಳುತ್ತಿದ್ದರು:

“ಅಮ್ಮನ ಧ್ವನೀಲಿ ಕೆಳಗಿನ ಸ್ವರ ಸ್ವಲ್ಪ ಜಾಸ್ತಿ ಆಗಿದೆ. ಮೇಲಿನದು ಏನೂ ಹೋಗಿಲ್ಲ ಕಣೋ. ಒಂದು ಚೂರೂ ಹೋಗಿಲ್ಲ.”